ಬೈಲಿನಡಿಯ ಹಳೇ ಹೊಳೆ ಸ್ಯಾಟಲೈಟಿಗೆ ಕಾಣ್ತದಾ?

ಪ್ರಶ್ನೆ: ಸರ್, ನಮ್ಮದು ಕುಂಬಳೆ ಹತ್ರ ಬೈಲು ಗದ್ದೆ. ಮೊದಲು ಹೊಳೆ ಇಲ್ಲೇ ಹರೀತಿತ್ತು ಅಂತ ಅಜ್ಜ ಹೇಳ್ತಿದ್ರು. ಸುಗ್ಗಿ ಕೊಯ್ಲಾಗಿ ಗದ್ದೆ ಎಲ್ಲ ಒಣಗಿದ್ರೂ ನಡುವೆ ಒಂದು ಬಾಗಿದ ಪಟ್ಟಿ ಮಾತ್ರ ಹಸಿರಾಗೇ ಉಂಟು. ಸರಸ್ವತಿ ನದಿಯನ್ನ ಸ್ಯಾಟಲೈಟಲ್ಲಿ ಹುಡುಕಿದ್ರಂತಲ್ಲ, ಇದನ್ನೂ ನೋಡ್ಲಿಕ್ಕೆ ಆಗ್ತದಾ?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಆಗ್ತದೆ. ಆ ಹಸಿರು ಪಟ್ಟಿಯೇ ಒಳ್ಳೇ ಸುಳಿವು. ಹೊಳೆ ದಾರಿ ಬದಲಿಸಿದ್ರೂ ಹಳೇ ಪಾತ್ರದಲ್ಲಿ ತುಂಬಿದ ಹೊಯಿಗೆ, ಕೆಸರು ಪಕ್ಕದ ಮಣ್ಣಿನ ಹಾಗಲ್ಲ, ಅಲ್ಲಿ ತೇವ ಜಾಸ್ತಿ ದಿನ ನಿಲ್ತದೆ, ಹುಲ್ಲು ಬೇಗ ಬಾಡೋದಿಲ್ಲ. ಹಸಿ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ಜೋರಾಗಿ ವಾಪಸ್ ಕಳಿಸ್ತದೆ, ಫೋಟೋದಲ್ಲಿ ಅದಕ್ಕೆ ಕೆಂಪು ಬಣ್ಣ ಕೊಟ್ರೆ ಒಣ ಗದ್ದೆಯ ನಡುವೆ ಹಾವಿನ ಹಾಗೆ ಬಾಗಿದ ಗೆರೆ ಎದ್ದು ಕಾಣ್ತದೆ. 1972ರಲ್ಲಿ ಶುರುವಾದ ಅಮೆರಿಕದ ಸ್ಯಾಟಲೈಟ್ ಸರಣಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನ ಇಟ್ಕೊಂಡೇ ವಿಜ್ಞಾನಿ ಯಶ್ ಪಾಲ್ ಮತ್ತು ಜೊತೆಗಾರರು 1980ರಲ್ಲಿ, ಸರಸ್ವತಿ ಇದೇ ಅಂತ ಹಲವರು ಹೇಳುವ ಘಗ್ಗರ್ ನದಿಯ ಹಳೇ ಪಾತ್ರವನ್ನ ಗುರುತಿಸಿದ್ದು.

1981ರಲ್ಲಿ ಅಮೆರಿಕದ ಸ್ಪೇಸ್ ಶಟಲ್‌ನ ರೇಡಾರ್ ಸಹಾರಾದ ಮರಳಿನಡಿ ಹೂತುಹೋದ ನದಿಗಳನ್ನೇ ತೋರಿಸಿತ್ತು. ಆದ್ರೆ ಅದು ಪೂರ್ತಿ ಒಣ ಮರಳು, ನಮ್ಮ ಒದ್ದೆ ಮಣ್ಣಲ್ಲಿ ರೇಡಾರ್ ಅಷ್ಟು ಆಳಕ್ಕೆ ಇಳಿಯೋದಿಲ್ಲ, ಹಾಗಾಗಿ ನಮಗೆ ಹಸಿರೇ ಗತಿ.

ಯುರೋಪಿನ ಸೆಂಟಿನೆಲ್-2 ಸ್ಯಾಟಲೈಟಿನ ಚಿತ್ರಗಳು ಫ್ರೀಯಾಗಿ ಸಿಗ್ತವೆ, ಫೆಬ್ರವರಿ-ಮಾರ್ಚಿಂದು ತೆಗೀರಿ, ಮಳೆಗಾಲದಲ್ಲಿ ಬರೀ ಮೋಡ. ಅದರ ಒಂದು ಚುಕ್ಕೆ ಅಂದ್ರೆ ನೆಲದಲ್ಲಿ 10 ಮೀಟರ್, ಪಟ್ಟಿ ಸಣ್ಣದಾದ್ರೆ ಗೂಗಲ್ ಅರ್ಥ್‌ನಲ್ಲಿ ಹಳೇ ವರ್ಷಗಳ ಚಿತ್ರಗಳನ್ನೂ ನೋಡಿ. ಪಕ್ಕದ ಅಡಿಕೆ ತೋಟದ ಹಸಿರನ್ನ ಮಾತ್ರ ಲೆಕ್ಕಕ್ಕೆ ಹಿಡೀಬೇಡಿ, ಅದು ನೀವು ಬಿಟ್ಟ ನೀರಿನ ಹಸಿರು.

ಚಿತ್ರ ಜಾಗ ತೋರಿಸ್ತದೆ, ಕಾಲ ಹೇಳೋದಿಲ್ಲ, ಇದನ್ನ ತುಂಬ ಜನ ಮರೀತಾರೆ. ಘಗ್ಗರ್ ಪಾತ್ರದಲ್ಲಿ ಬೋರ್ ಕೊರೆದು ಮರಳಿನ ವಯಸ್ಸು ಅಳೆದಾಗ, ಮೊದಲು ಅಲ್ಲೇ ಹರೀತಿದ್ದ ಸಟ್ಲೆಜ್ ನದಿ ಸುಮಾರು 8000 ವರ್ಷ ಹಿಂದೆಯೇ, ಅಂದ್ರೆ ಹರಪ್ಪದ ನಗರಗಳು ಕಟ್ಟೋದಕ್ಕಿಂತ ಎಷ್ಟೋ ಮೊದಲು, ಆ ದಾರಿ ಬಿಟ್ಟಿತ್ತು ಅಂತ 2017ರಲ್ಲಿ ಪ್ರಕಟವಾಯ್ತು. ಬರೀ ಚಿತ್ರ ನೋಡಿದ್ರೆ ಇದು ಗೊತ್ತಾಗ್ತಿರ್ಲಿಲ್ಲ.

ನೀವೂ ಆ ಪಟ್ಟಿಯಲ್ಲಿ ಒಂದು ಗುಂಡಿ ತೋಡಿಸಿ. ಪದರ ಪದರ ಹೊಯಿಗೆ, ಉರುಟು ಕಲ್ಲು ಬಂದ್ರೆ ಅಜ್ಜನ ಮಾತಿಗೆ ದೊಡ್ಡ ಬಲ. ಮೊನಚು ಮುರಕಲ್ಲಿನ ಚೂರು ಮಾತ್ರ ಬಂದ್ರೆ ಅದು ಗುಡ್ಡೆಯಿಂದ ಒಸರಿದ ನೀರಿರಬಹುದು. ಬೈಲಿಗೆ ಮಣ್ಣು ತುಂಬಿಸುವವರು ಬರೋ ಮೊದಲೇ, ದಯವಿಟ್ಟು ಈ ಬೇಸಿಗೆಯಲ್ಲೇ ನೋಡಿ.