ಹಕ್ಕಿ ಕಮ್ಮಿಯಾದರೆ ಕೆಲಸ ಕೆಟ್ಟಿತು ಅಂತಲ್ಲ
ಕರಾವಳಿಯ ಜೌಗನ್ನು ಮತ್ತೆ ಬೆಳೆಸೋಕೆ ಏರಿ ಒಡೆದು ಸಮುದ್ರದ ಉಬ್ಬರದ ನೀರು ಒಳಗೆ ಬಿಟ್ಟಾಗ ಮೊದಮೊದಲು ಸ್ಯಾಂಡ್‌ಪೈಪರ್ ಅನ್ನೋ ದಡದ ಸಣ್ಣ ಹಕ್ಕಿಗಳು ಮುತ್ತಿಕೊಂಡವು, ಈಗ ಯಾಕೆ ಕಮ್ಮಿ ಅಂತ ಕೇಳಿದ್ದೀರಿ ಅಲ್ವಾ? ಅವಕ್ಕೆ ಬೇಕಾಗಿದ್ದು ಬೋಳು ಕೆಸರು, ಅದರೊಳಗಿನ ಹುಳು. ಉಬ್ಬರ ಹೊತ್ತು ತರುವ ಹೂಳು ಏರಿದಂತೆ ಹುಲ್ಲು ಹಬ್ಬುತ್ತದೆ, ಆಗ ಇವು ಜಾಗ ಬಿಡುತ್ತವೆ, ಮರೆ ಬಯಸುವ ರೈಲ್ ಜಾತಿಯ ಹಕ್ಕಿಗಳು ಬರುತ್ತವೆ. ಮುಳುಗಿ ಮೇಯುವ ಬಾತುಗಳಿಗಂತೂ ಆಳದ ನೀರೇ ಬೇಕು. ಅದಕ್ಕೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ 2003ರಲ್ಲಿ ಕೊಂಡ ಸುಮಾರು 15,000 ಎಕರೆ ಉಪ್ಪಿನ ಕೊಳಗಳನ್ನು ಪೂರ್ತಿ ಜೌಗು ಮಾಡುತ್ತಿಲ್ಲ. ಕೆಲವನ್ನು ಕೊಳವಾಗಿಯೇ ಉಳಿಸಿ, ನೀರಿನ ಮಟ್ಟ ಹಿಡಿತದಲ್ಲಿ ಇಡುತ್ತಾರೆ. ಇನ್ನೊಂದು ಮಾತು, ಸುಮ್ನೆ ಇಳಿತದ ಹೊತ್ತಲ್ಲಿ ಮಾತ್ರ ಎಣಿಸಬೇಡಿ. ಹೊರಗಿನ ಕೆಸರಲ್ಲಿ ಮೇಯ್ದು, ಉಬ್ಬರ ಬಂದಾಗ ಒಳಗೆ ಬಂದು ಕೂರುವ ಹಕ್ಕಿಗಳೂ ಇರುತ್ತವೆ.