ಮೊದಲು ಬಾಟಲಿ, ಆಮೇಲೆ ಲೇಬಲ್

ಲೋಗೋ ಆಗಿದೆ, ಐದು ರುಚಿಯ ಪಾನೀಯ, 250 ಮಿಲಿ ಬಾಟಲಿ, ಪಾರದರ್ಶಕ ಸ್ಟಿಕ್ಕರ್ ಹಾಕಿಸಲೇ ಅಂತ ಕೇಳಿದ್ದೀರಿ. ಬಾಟಲಿ ಯಾವುದು, ಪಾನೀಯ ತುಂಬುವುದು ಹೇಗೆ ಅನ್ನುವುದು ಖಚಿತವಾಗುವ ತನಕ ಏನನ್ನೂ ಪ್ರಿಂಟಿಗೆ ಕೊಡಬೇಡಿ. 85 ಡಿಗ್ರಿ ಆಸುಪಾಸಿನಲ್ಲಿ ಬಿಸಿಯಾಗಿ ತುಂಬಿದರೆ ಮಾಮೂಲಿ ಪೆಟ್ ಬಾಟಲಿ (ನೀರು, ಸೋಡಾ ಬರುವ ಪಾರದರ್ಶಕ ಪ್ಲಾಸ್ಟಿಕ್ಕಿನದ್ದು) ಮುದುಡುತ್ತದೆ. ಬಿಸಿ ತಡೆಯುವ ಬಾಟಲಿಗಳಲ್ಲಿ ಹಲವಕ್ಕೆ ಮೈಮೇಲೆ ತಗ್ಗುಗಳಿರುತ್ತವೆ, ಅಲ್ಲಿ ಸ್ಟಿಕ್ಕರ್ ಸುಕ್ಕುಗಟ್ಟುತ್ತದೆ. ಮೇಲೆ ಕಿರಿದಾಗುವ ಬಾಟಲಿಗೆ ನೇರ ಪಟ್ಟಿ ಕೂರುವುದೇ ಇಲ್ಲ, ಬಾಗಿದ ಆಕಾರದಲ್ಲಿ ಕತ್ತರಿಸಬೇಕು.

ಅಳತೆ ತುಂಬಿದ ಬಾಟಲಿಯದ್ದೇ ಇರಲಿ. ವ್ಯಾಸ 60 ಮಿಮೀ ಇದ್ದರೆ ಸುತ್ತಳತೆ 188.5, ಲೇಬಲಿನ ಎರಡು ತುದಿ ಒಂದರ ಮೇಲೊಂದು ಕೂರಲು 5 ಸೇರಿಸಿದರೆ ಅದರ ಉದ್ದ ಸುಮಾರು 194. ಅಂಚಿನಾಚೆ ಬಣ್ಣ 2 ಮಿಮೀ ಹೆಚ್ಚಿಗೆ ಬಿಡಿ, ಅಕ್ಷರಗಳನ್ನು ಅಂಚಿನಿಂದ 3 ಮಿಮೀ ಒಳಗಿಡಿ. ಎದುರಿಗೆ ನಿಂತವರು ಸಲೀಸಾಗಿ ಓದುವುದು ಸುತ್ತಳತೆಯ ಮೂರನೇ ಒಂದು ಭಾಗ ಮಾತ್ರ, ಅಂದರೆ ಇಲ್ಲಿ 60ರ ಹತ್ತಿರ. ಹೆಸರೂ ರುಚಿಯೂ ಅಷ್ಟರೊಳಗೆ ಮುಗಿಯಬೇಕು. ಕಂಪ್ಯೂಟರ್ ಪರದೆಯಲ್ಲಿ ಚಪ್ಪಟೆಯಾಗಿ ನೋಡಿ ಒಪ್ಪಿಗೆ ಕೊಡುವವರು ಎಡವುವುದೇ ಇಲ್ಲಿ.

ಫ್ರಿಜ್ಜಿನಲ್ಲಿಟ್ಟು ಮಾರುವ ಬಾಟಲಿ ಬೆವರುತ್ತದೆ. ಸಾದಾ ಕಾಗದ ಒದ್ದೆಯಾಗಿ ಅಂಚು ಏಳುತ್ತದೆ, ಹಾಗಾಗಿ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಫಿಲ್ಮ್ ತಗೊಳ್ಳಿ. ಮರುಬಳಕೆಗೂ ಅದೇ ಅನುಕೂಲ: ಪೆಟ್ ಚೂರು ನೀರಿನಲ್ಲಿ ಮುಳುಗುತ್ತದೆ, ಪಿಪಿ ತೇಲುತ್ತದೆ, ಬೇರ್ಪಡಿಸುವುದು ಸುಲಭ. ಬಿಸಿಗೆ ಕುಗ್ಗಿ ಬಾಟಲಿಯನ್ನು ಸುತ್ತಿಕೊಳ್ಳುವ ಪಿವಿಸಿ ಪ್ಲಾಸ್ಟಿಕ್ಕಿನ ಹೊದಿಕೆ (ಸ್ಲೀವ್) ಮಾತ್ರ ಬೇಡ.

ಪಾರದರ್ಶಕ ಫಿಲ್ಮ್ ನೋಡಲು ಚೆಂದ, ಆದರೆ ಅದರ ಹಿಂದಿರುವುದು ನಿಮ್ಮ ಪಾನೀಯದ ಬಣ್ಣ. ಕೆಳಗೆ ಬಿಳಿ ಶಾಯಿಯ ಪದರ ಹಾಕಿಸದಿದ್ದರೆ ಹಳದಿ ಅಕ್ಷರ ಕಡುಗೆಂಪು ರಸದ ಮುಂದೆ ಮಾಯವಾಗುತ್ತದೆ. ತಿರುಳು ತಳಕ್ಕೆ ಕೂರುವ, ಬೆಳಕಿಗೆ ಬಣ್ಣ ಮಾಸುವ ಪಾನೀಯವಾದರೆ ಅದೂ ಎದ್ದು ಕಾಣುತ್ತದೆ. ಅಂಥದ್ದಕ್ಕೆ ಬಿಳಿ ಫಿಲ್ಮೇ ವಾಸಿ ಅನ್ನುತ್ತೇನೆ.

ಐದು ರುಚಿಗೆ ಐದು ವಿನ್ಯಾಸ ಬೇಡ. ಲೋಗೋ, ಅದರ ಜಾಗ, ಅಕ್ಷರದ ಶೈಲಿ ಎಲ್ಲದರಲ್ಲೂ ಒಂದೇ ಇರಲಿ. ಬದಲಾಗುವುದು ಒಂದು ಬಣ್ಣದ ಪಟ್ಟಿ, ರುಚಿಯ ಹೆಸರು, ಅಷ್ಟೇ. ಕ್ರೇಟಿನಲ್ಲಿ ಮೇಲಿಂದ ಕಾಣುವುದು ಮುಚ್ಚಳ ಮಾತ್ರ. ಐದು ಬಣ್ಣದ ಮುಚ್ಚಳ ತರಿಸಿ ದಾಸ್ತಾನಿಡುವುದು ಕಷ್ಟವಾದರೆ ಮೇಲೊಂದು ಬಣ್ಣದ ಚುಕ್ಕೆ ಅಂಟಿಸಿ. ಲೋಗೋವನ್ನು 15 ಮಿಮೀ ಅಗಲಕ್ಕೆ ಇಳಿಸಿ, ಒಂದೇ ಬಣ್ಣದಲ್ಲಿ ಪ್ರಿಂಟ್ ಹಾಕಿ ನೋಡಿ. ಸಣ್ಣ ಗೆರೆಗಳು ಒಂದಕ್ಕೊಂದು ಅಂಟಿಕೊಂಡರೆ ರಟ್ಟಿನ ಪೆಟ್ಟಿಗೆಯ ಮೇಲೆ ಇನ್ನೂ ಕೆಡುತ್ತದೆ.

ಬಾರ್‌ಕೋಡ್ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಇರಲಿ, ಉದ್ದುದ್ದ ಹಾಕಿದರೆ ಬಾಟಲಿಯ ಬಾಗಿಗೆ ಎರಡೂ ತುದಿ ಮರೆಯಾಗುತ್ತವೆ. ಅಂಗಡಿ ಸಾಮಾನಿನ ಮೇಲಿರುವ 13 ಅಂಕಿಯ ಬಾರ್‌ಕೋಡ್, ಇಎಎನ್-13ರ ಪೂರ್ಣ ಅಳತೆ, ಪಕ್ಕದ ಖಾಲಿ ಜಾಗ ಸೇರಿ, 37.29 × 25.93 ಮಿಮೀ. ಶೇ. 80ಕ್ಕಿಂತ ಕಿರಿದು ಮಾಡಬೇಡಿ. ಗೆರೆ ಕೆಂಪು ಬಣ್ಣದಲ್ಲಿ ಬೇಡ, ಸ್ಕ್ಯಾನರಿನ ಕೆಂಪು ಬೆಳಕಿಗೆ ಅದು ಬಿಳಿಯಂತೆಯೇ ಕಾಣುತ್ತದೆ. ಬ್ಯಾಚ್, ದಿನಾಂಕ ಹೊಡೆಯುವ ಜಾಗಕ್ಕೆ ವಾರ್ನಿಶ್ ಹಾಕಿಸಬೇಡಿ, ಶಾಯಿ ಒರೆಸಿಹೋಗುತ್ತದೆ.

ಸಾವಿರಗಟ್ಟಲೆ ಹಾಕಿಸುವ ಮೊದಲು ಇಪ್ಪತ್ತು ಲೇಬಲ್ ಡಿಜಿಟಲ್ ಪ್ರಿಂಟ್ ತೆಗೆಸಿ. ಒಣಗಿದ ಬಾಟಲಿಗೆ ಅಂಟಿಸಿ 24 ಗಂಟೆ ಬಿಡಿ, ಅಂಟು ಪೂರ್ತಿ ಹಿಡಿಯಲು ಅಷ್ಟು ಬೇಕು. ಆಮೇಲೆ ಎರಡು ಗಂಟೆ ಐಸ್ ನೀರಿನಲ್ಲಿ ಮುಳುಗಿಸಿ, ಹೆಬ್ಬೆರಳಿನಿಂದ ಉಜ್ಜಿ. ಅಂಚು ಎದ್ದರೆ ಅಂಟು ಬದಲಿಸಲು ಹೇಳಿ; ಬಣ್ಣ ಕೈಗೆ ಬಂದರೆ ಮೇಲೆ ಲ್ಯಾಮಿನೇಶನ್ ಬೇಕು.