ಚೀಲ ಹೊತ್ತು ನಿಂತ ಹಮಾಲನ ಕೆಲಸ ಸೊನ್ನೆಯೇ?

ಪತ್ರದ ಸಾರ: ಬ್ಯಾಡಗಿ ಕಡೆಯ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ. ಒಂಬತ್ತನೇ ತರಗತಿಯಲ್ಲಿ, ಮೆಣಸಿನಕಾಯಿ ಚೀಲ ಹೊತ್ತು ಸುಮ್ಮನೆ ನಿಂತ ಹಮಾಲ ಚೀಲದ ಮೇಲೆ ಮಾಡಿದ ಕೆಲಸ ಸೊನ್ನೆ ಎಂದು ಹೇಳಿದಾಗ ಹುಡುಗನೊಬ್ಬ ಎದ್ದು, ‘ಹಂಗಾದ್ರ ನಮ್ಮಪ್ಪ ಸಂಜೀಕ ಯಾಕ ದಣದು ಬರ್ತಾನ್ರೀ?’ ಎಂದನಂತೆ. ಹುಡುಗಿಯೊಬ್ಬಳು, ‘ಶಕ್ತಿ ನಾಶ ಆಗೂದಿಲ್ಲಂದ್ರ ಕರೆಂಟ್ ಉಳಸ್ರಿ ಅಂತ ಯಾಕ ಹೇಳ್ತಾರ?’ ಎಂದಳಂತೆ. ‘ಶಕ್ತಿ ಖರ್ಚಾಯಿತು’ ಎಂದು ಉತ್ತರ ಬರೆದವರಿಗೆ ಅಂಕ ಕಡಿಯಬೇಕೇ ಎಂಬುದು ಅವರ ಪ್ರಶ್ನೆ.

ಗುರುಗಳೇ,

ಹುಡುಗನ ಪ್ರಶ್ನೆಯಲ್ಲಿ ತಪ್ಪಿಲ್ಲ, ಪಾಠವೇ ಅರ್ಧಕ್ಕೆ ನಿಂತಿದೆ. ವಿಜ್ಞಾನದಲ್ಲಿ ಕೆಲಸವೆಂದರೆ ಬಲ ಹಾಕಿದ ದಿಕ್ಕಿನಲ್ಲಿ ವಸ್ತು ಕದಲಬೇಕು. ಚೀಲ ಕದಲಲಿಲ್ಲ, ಹಾಗಾಗಿ ಚೀಲದ ಲೆಕ್ಕ ಸೊನ್ನೆ. ಹಮಾಲನ ಮೈಯೊಳಗಿನ ಲೆಕ್ಕ ಬೇರೆ. ಬಿಗಿದ ಸ್ನಾಯುವಿನ ಎಳೆಗಳು ಕಣ್ಣಿಗೆ ಕಾಣದಂತೆ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರುತ್ತವೆ. ಪ್ರತಿ ಹಿಡಿತಕ್ಕೂ ಜೀವಕೋಶದ ಇಂಧನವಾದ ಎಟಿಪಿ ಬೇಕು. ಅದರ ಶಕ್ತಿಯೆಲ್ಲ ಶಾಖವಾಗುತ್ತದೆ, ಬೆವರಿಳಿಯುವುದು ಅದಕ್ಕೇ. ಅದೇ ಚೀಲವನ್ನು ಕಟ್ಟೆಯ ಮೇಲಿಟ್ಟರೆ ಕಟ್ಟೆ ದಣಿಯುವುದಿಲ್ಲ.

ಲೆಕ್ಕವನ್ನೂ ಮಾಡಿಸಿ. 50 ಕಿಲೋದ ಚೀಲವನ್ನು ಒಂದೂವರೆ ಮೀಟರ್ ಎತ್ತಿದರೆ ಆಗುವ ಕೆಲಸ ಸುಮಾರು 735 ಜೂಲ್ (ಕೆಲಸ, ಶಕ್ತಿ ಎರಡನ್ನೂ ಅಳೆಯುವ ಮಾನ). 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಿಂದ ಸಿಗುವುದು ಸುಮಾರು 7 ಲಕ್ಷ ಜೂಲ್. ಬರೀ ಇದನ್ನೇ ನಂಬಿದರೆ ಒಂದು ರೊಟ್ಟಿಗೆ ಒಂಬೈನೂರಕ್ಕೂ ಹೆಚ್ಚು ಚೀಲ ಎತ್ತಬೇಕು! (ಯಾವ ದಲಾಲಿ ಅಂಗಡಿಯವರಿಗೂ ಈ ಲೆಕ್ಕ ತೋರಿಸಬೇಡಿ.) ಸ್ನಾಯು ಕೆಲಸಕ್ಕೆ ಹಾಕುವುದು ಹೆಚ್ಚೆಂದರೆ ಕಾಲುಭಾಗ, ಅದರ ಮೇಲೆ ತನ್ನ ಮೈಯನ್ನೂ ಎತ್ತಬೇಕು, ಉಸಿರಾಡಬೇಕು, ಎದೆ ಬಡಿಯುತ್ತಿರಬೇಕು.

ಹುಡುಗಿಯ ಪ್ರಶ್ನೆ ಇನ್ನೂ ಆಳದ್ದು. ‘ನಾಶವಾಗುವುದಿಲ್ಲ’ ಎಂದು ಬಾಯಿಪಾಠ ಮಾಡಿಸುತ್ತೇವೆ, ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಮಿಕ್ಸಿಯಲ್ಲಿ ಶೇಂಗಾ ಚಟ್ನಿ ಮಾಡಿದಾಗ ಜಾರಿನ ತಳ ಮುಟ್ಟಲಿ, ಬೆಚ್ಚಗಿರುತ್ತದೆ. 1840ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಜೂಲ್ (ಜೂಲ್ ಎಂಬ ಮಾನಕ್ಕೆ ಇವನದೇ ಹೆಸರು) ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: ತೂಕದ ಗುಂಡುಗಳನ್ನು ಇಳಿಬಿಟ್ಟು, ಅವುಗಳಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಗದಗಿನ ಗುಡ್ಡದ ಗಾಳಿಯಂತ್ರದಿಂದ ಬಂದ ಕರೆಂಟ್ ನಿಮ್ಮ ತರಗತಿಯ ಫ್ಯಾನ್ ತಿರುಗಿಸಿದರೂ ಕೊನೆಗೆ ಕೋಣೆಯ ಗಾಳಿಯನ್ನು ಚೂರು ಬೆಚ್ಚಗಾಗಿಸುತ್ತದೆ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುತ್ತದೆ ಎಂದು ಮಕ್ಕಳಷ್ಟೇ ಅಲ್ಲ, ನಮ್ಮ ಕಚೇರಿಯಲ್ಲೂ ನಂಬಿದವರಿದ್ದಾರೆ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಷ್ಟೂ ಇದ್ದೇ ಇದೆ. ಆದರೆ ಗೋಡೆ, ಗಾಳಿಗಳಲ್ಲಿ ಚದುರಿದ ಆ ಶಾಖವನ್ನು ಒಟ್ಟುಮಾಡಿ ಅದರಿಂದಲೇ ಮತ್ತೆ ಫ್ಯಾನ್ ತಿರುಗಿಸಲಾಗದು. ಉಳಿಸಿ ಎನ್ನುವುದು ಇನ್ನೂ ಚದುರದ್ದನ್ನು.

ಇನ್ನು ಅಂಕದ ಮಾತು. ‘ಖರ್ಚಾಯಿತು’ ಎಂದವರ ಅಂಕ ಕಡಿಯಬೇಡಿ, ‘ಎಲ್ಲಿಗೆ ಹೋಯಿತು?’ ಎಂದು ಕೆಳಗೊಂದು ಉಪಪ್ರಶ್ನೆ ಹಾಕಿ. ‘ಗಾಳಿ ಬೆಚ್ಚಗಾಯಿತು’ ಎಂದು ಬರೆದರೆ ಪೂರ್ತಿ ಅಂಕ. ನಿಯಮವನ್ನು ಚಾಚೂ ತಪ್ಪದೆ ಬರೆದು ಇದನ್ನು ಖಾಲಿ ಬಿಟ್ಟವರಿಗೆ ನಾನಾದರೆ ಅರ್ಧವೇ ಕೊಟ್ಟೇನು.

– ಸಂಪಾದಕ, ಹುಬ್ಬಳ್ಳಿ